ತಲೆಕೆಳಗಾದ ಮಳೆ

ನಮ್ಮ ಬೀದಿಯ ಕೊನೆಯಲ್ಲಿ ಕಲ್ಲು ಕೊಯ್ಯುವ ಗರಗಸದ ಸದ್ದು ಬೆಳಗಾಗುತ್ತಲೇ ಶುರುವಾಗುತ್ತದೆ. ಮೊದಲು ನೀರು ಬಿಟ್ಟಾಗಿನ ಸುಯ್ಯೆನ್ನುವ ಸಣ್ಣ ದನಿ, ಆಮೇಲೆ ಚಕ್ರ ಕಲ್ಲಿಗೆ ತಾಗಿ ಕಿರ್ರೆಂದು ಮೇಲೇರುವ ದನಿ. ಬೀದಿಗೆ ಹೊಸದಾಗಿ ಬಂದವರು ಹಲ್ಲು ಜುಮ್ಮೆಂದು ಕಿವಿ ಮುಚ್ಚಿಕೊಳ್ಳುತ್ತಾರೆ. ಹಳಬರು ಆ ಸದ್ದು ಕೇಳಿಯೇ ಗರಗಸದ ಮುಂದೆ ಯಾರು ನಿಂತಿದ್ದಾರೆಂದು ಹೇಳುತ್ತಾರೆ. ಒಂದೇ ಉಸಿರಿನಲ್ಲಿ ಕಲ್ಲಿನ ಈ ತುದಿಯಿಂದ ಆ ತುದಿಗೆ ಹೋದರೆ ಅದು ನನ್ನ ದೊಡ್ಡಮ್ಮ. ಹೋಗಿ, ನಿಂತು, ಮತ್ತೆ ಹೋಗಿ, ಮತ್ತೆ ನಿಂತರೆ ಅದು ನನ್ನ ಅಮ್ಮ.

"ಅವಳು ಕಲ್ಲು ಕೊಯ್ಯಲ್ಲ, ಕಲ್ಲಿನ ಹತ್ರ ಹರಟೆ ಹೊಡೀತಾಳೆ," ಎಂಬುದು ದೊಡ್ಡಮ್ಮನ ಮಾತು.

ಅವರಿಬ್ಬರೂ ಓರಗಿತ್ತಿಯರು. ಒಂದೇ ಮನೆಯ ನಡುವೆ ಗೋಡೆಯೆದ್ದು ಎರಡು ಅಡುಗೆಮನೆಗಳಾಗಿವೆ. ಗೋಡೆ ಸೂರಿಗೆ ಮುಟ್ಟಿಲ್ಲ, ಹಾಗಾಗಿ ಒಬ್ಬರು ಈರುಳ್ಳಿ ಹೆಚ್ಚಿದರೆ ಇನ್ನೊಬ್ಬರ ಕಣ್ಣಲ್ಲಿ ನೀರು ಬರುತ್ತದೆ. ಅಜ್ಜಿ ನಮ್ಮ ಭಾಗದಲ್ಲಿದ್ದಾಳೆ. ಅದಕ್ಕೂ ದೊಡ್ಡಮ್ಮನಿಗೆ ಒಳಗೊಳಗೇ ಸಿಟ್ಟು. ಅಜ್ಜಿಯನ್ನು ಕಂಡರೆ ಅವಳಿಗೆ ಆಗುವುದಿಲ್ಲ, ಆದರೂ ಅಜ್ಜಿ ತನ್ನನ್ನು ಬಿಟ್ಟು ಅಮ್ಮನನ್ನು ಆರಿಸಿಕೊಂಡಳಲ್ಲ ಎಂಬುದು ಅವಳ ಗಂಟಲಲ್ಲಿ ಸಿಕ್ಕಿಕೊಂಡಿದೆ.

ಗರಗಸ ಇರುವುದು ಕಲ್ಲಿನ ಶೆಡ್ಡಿನಲ್ಲಿ. ತಗಡಿನ ಸೂರು, ಒಂದು ಬದಿಗೆ ಮರದ ಪೆಟ್ಟಿಗೆಗಳ ಸಾಲು, ಸಿಮೆಂಟು ನೆಲದ ಮೇಲೆ ಯಾವಾಗಲೂ ಒಣಗುತ್ತಿರುವ ಬೂದು ಕೆಸರು. ಊರಾಚೆಯ ನದಿಯನ್ನು ಅಧ್ಯಯನ ಮಾಡುವವರು ಅಲ್ಲಿಂದ ಕಲ್ಲು ಕಳಿಸುತ್ತಾರೆ. ಶೆಡ್ಡಿನವರು ಅದನ್ನು ಕೊಯ್ದು, ಉಜ್ಜಿ, ಒಳಗಿನದು ಕಾಣುವಂತೆ ಮಾಡಿ ಕೊಡುತ್ತಾರೆ. ದೊಡ್ಡಮ್ಮ ಅಲ್ಲಿ ಕೆಲಸಕ್ಕೆ ಸೇರಿದಾಗ ನಾನು ಹುಟ್ಟಿರಲಿಲ್ಲ. ಅವಳ ಮುಂಗೈ ಕೂದಲಿಗೆ ಕಲ್ಲಿನ ಪುಡಿ ಅಂಟಿ, ಎಷ್ಟು ತೊಳೆದರೂ ಕೈಗಳು ಮಾತ್ರ ಅವಳಿಗಿಂತ ಮೊದಲೇ ಮುದಿಯಾದಂತೆ ಕಾಣುತ್ತವೆ.

ಇನ್ನು ನದಿ. ಮರುಭೂಮಿಯಲ್ಲಿ ನದಿ ಎಂದರೆ ನೀರಲ್ಲ, ನೀರು ಹೋದ ದಾರಿ. ವರ್ಷದ ಬಹುಪಾಲು ಅದರಲ್ಲಿ ಹರಿಯುವುದು ಗಾಳಿ. ದೂರದ ಬೆಟ್ಟಗಳಲ್ಲಿ ಯಾವಾಗಲೋ ಮೋಡ ಒಡೆದರೆ ಕೆಂಪು ನೀರು ಬಂಡೆಗಳನ್ನು ಉರುಳಿಸಿಕೊಂಡು ಬರುತ್ತದೆ. ಊರಿನವರು ಚಾವಣಿ ಹತ್ತಿ ನೋಡುವಷ್ಟರಲ್ಲಿ ಮರಳಿಗೆ ಇಂಗಿ ಮುಗಿದಿರುತ್ತದೆ. ಆ ಅಪರೂಪದ ಸಿಟ್ಟಿನಲ್ಲೇ ಅದು ನೆಲವನ್ನು ಸೀಳಿಕೊಂಡು ಆಳಕ್ಕೆ ಇಳಿದಿದೆ. ಜೀಪಿನಲ್ಲಿ ಅರ್ಧ ದಿನ ಹೋದರೆ ಆ ಕೊರಕಲು ಸಿಗುತ್ತದಂತೆ. ಎರಡೂ ಕಡೆ ಗೋಡೆ, ಗೋಡೆಯ ತುಂಬ ಪದರಗಳು. ಮೇಲಿನ ಕೆಂಪು ಕಲ್ಲು ಒಂದು ಕಾಲದ ಮರಳುದಿಬ್ಬ. ಅದರ ಕೆಳಗಿನ ಬೂದು ಜೇಡಿಗಲ್ಲು ಅದಕ್ಕೂ ಹಿಂದಿನ ಒಂದು ಕೆರೆಯ ತಳ. ತೀರಾ ಕೆಳಗೆ, ನದಿ ಈಗ ಕಚ್ಚುತ್ತಿರುವ ಕಡೆ, ಕಪ್ಪು ಬಂಡೆ. ಅದು ಹುಟ್ಟಿದಾಗ ನೆಲದ ಮೇಲೆ ಒಂದು ಎಸಳು ಹುಲ್ಲೂ ಇರಲಿಲ್ಲ.

"ಹಸಿರಿರೋ ಕಡೆ ನೆಲ ಹೊದ್ದುಕೊಂಡು ಮಲಗಿರತ್ತೆ," ಎಂದು ನದಿಯ ಅಧ್ಯಯನ ನಡೆಸುವ ಶೆಡ್ಡಿನ ಮೇಡಂ ಹೇಳುತ್ತಿದ್ದರು. "ಇಲ್ಲಿ ಹೊದಿಕೆ ಇಲ್ಲ. ನದಿ ಕೊರೆದಷ್ಟೂ ಹಳೇದು ಕಾಣತ್ತೆ."

ಶೆಡ್ಡಿನ ಗೋಡೆಯ ಮೇಲೆ ಆ ಕೊರಕಲಿನ ಒಂದು ಫೋಟೋ ಇದೆ. ಕಪ್ಪು ಬಂಡೆ ಮುಗಿದು ಬೂದು ಕಲ್ಲು ಶುರುವಾಗುವ ಗೆರೆ. ಗೆರೆ ದಾರದಷ್ಟು ಸಣ್ಣದು. ಆದರೆ ಕೆಳಗಿನ ಕಲ್ಲಿಗೂ ಮೇಲಿನ ಕಲ್ಲಿಗೂ ನಡುವೆ ಕಳೆದ ಕಾಲ, ಮೇಲಿನ ಕಲ್ಲು ಹುಟ್ಟಿ ಇವತ್ತಿನವರೆಗೆ ಕಳೆದ ಕಾಲಕ್ಕಿಂತ ಹೆಚ್ಚು. ಆ ನಡುವಿನ ಕಾಲದ ಕಲ್ಲೆಲ್ಲ ಸವೆದು ಗಾಳಿಗೆ ಹೋಗಿದೆ. ಅಳತೆ ಗೊತ್ತಾಗಲೆಂದು ಗೆರೆಯ ಪಕ್ಕ ಯಾರೋ ಒಂದು ಸುತ್ತಿಗೆ ಒರಗಿಸಿದ್ದಾರೆ. ಅದೇ ಸುತ್ತಿಗೆ ಈಗ ಶೆಡ್ಡಿನ ಮೂಲೆಯಲ್ಲಿ ಮೊಳೆಗೆ ನೇತುಬಿದ್ದಿದೆ.

"ಆ ಸುತ್ತಿಗೆ ಹೋಗಿ ಬಂದಿದೆ," ಎಂದು ದೊಡ್ಡಮ್ಮ ಒಮ್ಮೆ ನನಗೆ ಹೇಳಿದ್ದಳು. "ನಾನು ಹೋಗಿಲ್ಲ."

ಆ ಗೆರೆಯ ಮೇಲೆ ಅಂಗೈ ಇಡಬೇಕು ಎಂಬುದು ಅವಳ ಆಸೆ. ಹೆಬ್ಬೆರಳು ಒಂದು ಕಾಲದಲ್ಲಿ, ಕಿರುಬೆರಳು ಇನ್ನೊಂದರಲ್ಲಿ. ಪ್ರತಿ ಸಲ ಜೀಪು ಹೊರಡುವಾಗ ಕೇಳುತ್ತಿದ್ದಳು, ಪ್ರತಿ ಸಲ ಒಂದೇ ಉತ್ತರ ಬರುತ್ತಿತ್ತು: ನೀವು ಹೋದರೆ ಗರಗಸ ಯಾರು ನೋಡ್ತಾರೆ? ಕೊನೆಗೆ ಅವಳೇ ಉಪಾಯ ಹುಡುಕಿದಳು. ಮನೆಯಲ್ಲಿ ಸುಮ್ಮನಿದ್ದ ಅಮ್ಮನನ್ನು ಕರೆದುಕೊಂಡು ಹೋಗಿ ಗರಗಸ ಹಿಡಿಯುವುದು, ನೀರು ಬಿಡುವುದು, ಕಲ್ಲು ಹಸನಾಗಿ ತಳ್ಳುವುದು ಎಲ್ಲ ಕಲಿಸಿದಳು. ಒಬ್ಬಳು ಗರಗಸಕ್ಕೆ, ಒಬ್ಬಳು ಕೊರಕಲಿಗೆ ಎಂಬುದು ಲೆಕ್ಕ. ಆ ಕೊರಕಲಿನವಳು ತಾನಲ್ಲದೆ ಬೇರೆ ಯಾರಾದರೂ ಆಗಬಹುದು ಎಂಬುದು ಅವಳಿಗೆ ಹೊಳೆದಿರಲಿಲ್ಲ.

ಹೊಳೆದದ್ದು ಆ ವರ್ಷ. ಕಲ್ಲನ್ನು ಗೋಡೆಯಿಂದ ಬಿಡಿಸುವ ಮುಂಚೆ ಅದರ ಮೈಮೇಲೆ ಸೀಮೆಸುಣ್ಣದಲ್ಲೋ ಬಣ್ಣದಲ್ಲೋ ಬಾಣದ ಗುರುತು ಹಾಕಬೇಕು, ತುದಿ ಆಕಾಶದ ಕಡೆಗೆ. ಹಾಗೆ ಹಾಕದಿದ್ದರೆ ಶೆಡ್ಡಿಗೆ ಬಂದ ಮೇಲೆ ಯಾವುದು ಮೇಲು ಯಾವುದು ಕೆಳಗು ತಿಳಿಯುವುದಿಲ್ಲ; ಮೊದಲು ಕೆರೆಯಿತ್ತೋ ಮೊದಲು ಮರಳಿತ್ತೋ ತಿಳಿಯುವುದಿಲ್ಲ. ಬಾಣವಿಲ್ಲದ ಕಲ್ಲಿಗೆ ಶೆಡ್ಡಿನಲ್ಲಿ 'ಅನಾಥ' ಎನ್ನುತ್ತಾರೆ. ಆ ವರ್ಷ ಅನಾಥಗಳೇ ಹೆಚ್ಚಾಗಿ ಬರತೊಡಗಿದವು.

"ಬಾಣ ಹಾಕೋಕೆ ಇಲ್ಲಿಂದಾನೇ ಒಬ್ಬರನ್ನ ಕರ್ಕೊಂಡು ಹೋಗ್ತೀನಿ," ಎಂದರು ಮೇಡಂ, ಜೀಪಿನಲ್ಲಿ ಕೂತು. "ಈ ಸೀಸನ್ ಪೂರ್ತಿ ಅಲ್ಲೇ ಇರಬೇಕಾಗತ್ತೆ. ಜಾಗ ಒಂದೇ ಇರೋದು. ವಾಪಸ್ ಬಂದಾಗ ಹೇಳ್ತೀನಿ ಯಾರು ಅಂತ."

ಹೇಳುವಾಗ ಅವರು ಇಬ್ಬರನ್ನೂ ನೋಡಿದರು. ಆ ನೋಟ ಅಮ್ಮನ ಮೇಲೆ ಒಂದು ಕ್ಷಣ ಹೆಚ್ಚು ನಿಂತಿತು ಎಂದು ದೊಡ್ಡಮ್ಮ ಇಂದಿಗೂ ಹೇಳುತ್ತಾಳೆ. ಅಮ್ಮ ಇಲ್ಲವೆನ್ನುತ್ತಾಳೆ.

ಮೇಡಂ ಹೋದ ವಾರವೇ ಅಮ್ಮನ ಕೈಗೆ ಒಂದು ಅನಾಥ ಬಂತು, ರೊಟ್ಟಿಯ ಕಟ್ಟಿನಷ್ಟು ದಪ್ಪದ ಬೂದು ಜೇಡಿಗಲ್ಲು. ಕೊಯ್ಯುತ್ತಿದ್ದಂತೆ ಅದು ಪದರದ ಗುಂಟ ಟಪ್ಪೆಂದು ಬಾಯಿಬಿಟ್ಟಿತು. ಅಮ್ಮ ಗರಗಸ ನಿಲ್ಲಿಸಿದಳು. ಕೆಸರು ತೊಳೆದಳು. ಒಡೆದ ಮುಖದ ಮೇಲೆ ಸಾಲುಸಾಲಾಗಿ ಸಣ್ಣ ಉಬ್ಬುಗಳು, ಕಾಳಿನಷ್ಟು, ಕೆಲವು ಒಂದಕ್ಕೊಂದು ತಾಗಿ.

"ಅಕ್ಕ, ಇಲ್ಲಿ ಬನ್ನಿ. ಹನಿ. ಮಳೆ ಹನಿ ಹಾಗೇ ಕಲ್ಲಾಗಿಬಿಟ್ಟಿದೆ."

ದೊಡ್ಡಮ್ಮ ಬಂದು ನೋಡಿದಳು. ನೋಡಿ, ತನ್ನ ಕೆಲಸಕ್ಕೆ ಮರಳಿದಳು. ಆಮೇಲೆ ಎಷ್ಟೋ ಕಾಲದ ನಂತರ ಇದನ್ನೆಲ್ಲ ಅವಳೇ ನನಗೆ ಹೇಳಿದ್ದು, ಪಕ್ಕದ ಮನೆಯ ಬೆಕ್ಕಿನ ಬಗ್ಗೆ ಹೇಳುವಷ್ಟು ಸಲೀಸಾಗಿ. "ಮಳೆ ಕಂಡು ನಂಗೆ ಖುಷಿಯಾಗಲಿಲ್ಲ ಕಣೆ. ಇಷ್ಟು ವರ್ಷ ನಿಲ್ಲಿಸದೆ ಕೊಯ್ದಿದ್ದೀನಲ್ಲ, ಎಷ್ಟು ಮಳೆ ಕೊಯ್ದು ಹಾಕಿದ್ದೀನೋ ಅನ್ನಿಸ್ತು. ಅದು ಅವಳ ಕೈಗೇ ಯಾಕೆ ಸಿಗಬೇಕು? ಅವಳು ಸೋಮಾರಿ, ಅದಕ್ಕೇ ನಿಲ್ಲಿಸ್ತಾಳೆ. ನಿಲ್ಲಿಸಿದ್ದಕ್ಕೆ ಸಿಕ್ತು."

ಸುದ್ದಿ ಬೀದಿಗೆ ಹಬ್ಬಿತು. ಶೆಡ್ಡಿನ ಕಾವಲುಗಾರ ಬಂದು ನೋಡಿದ. ಹಾಲಿನವನು ಸೈಕಲ್ ನಿಲ್ಲಿಸಿ ನೋಡಿದ. ಮನುಷ್ಯರು ನೆನೆಯುವುದಕ್ಕೆ ಇರದ ಕಾಲದ ಮಳೆ ಎಂದರೆ ಯಾರಿಗೆ ಬೇಡ? ಅಮ್ಮ ಆ ಕಲ್ಲನ್ನು ಒಂದು ಹಲಗೆಗೆ ಗಾರೆಯಲ್ಲಿ ಕೂರಿಸಿ, ಉಬ್ಬುಗಳು ಮೇಲೆ ಬರುವಂತೆ ಇಟ್ಟು, ಬದಿಯಲ್ಲಿ ಚೊಕ್ಕವಾಗಿ ಬಾಣ ಬರೆದಳು. ತುದಿ ಉಬ್ಬುಗಳ ಕಡೆಗೆ. ಅನಾಥಕ್ಕೆ ಆಕಾಶ ಸಿಕ್ಕಿತು.

ದೊಡ್ಡಮ್ಮನಿಗೆ ಮಾತ್ರ ತಿಂದದ್ದು ರುಚಿಸಲಿಲ್ಲ. ಗೋಡೆಯಾಚೆಯಿಂದ ಅಪ್ಪ ಅಮ್ಮನನ್ನು ಹೊಗಳುವುದು ಕೇಳುತ್ತಿತ್ತು. ಬೀಗ ರಿಪೇರಿ ಮಾಡುವ ದೊಡ್ಡಪ್ಪ ತಟ್ಟೆಯಿಂದ ತಲೆಯೆತ್ತದೆ, "ಒಳ್ಳೇದಾಯ್ತಲ್ಲ, ನಮ್ಮ ಮನೆಯವಳೇ ತಾನೆ," ಎಂದ.

"ಹೌದು, ನಮ್ಮ ಮನೆಯವಳೇ," ಎಂದಳು ದೊಡ್ಡಮ್ಮ. "ಅದಕ್ಕೇ ಹೆಚ್ಚು ಉರಿಯೋದು. ಹೊರಗಿನವಳಾಗಿದ್ರೆ ಬಾಗಿಲು ಹಾಕ್ಕೊಂಡು ಬೈಬಹುದಿತ್ತು. ಇಲ್ಲಿ ಬೈದ್ರೆ ಗೋಡೆ ಮೇಲಿಂದ ಕೇಳತ್ತೆ."

"ಹಾಗಾದ್ರೆ ಮೆಲ್ಲಗೆ ಬಯ್ಯಿ," ಎಂದ ದೊಡ್ಡಪ್ಪ.

ಮರುದಿನ ಬೆಳಿಗ್ಗೆ ಬಾಗಿಲ ಮುಂದಿನ ಧೂಳು ಅಡಗಲೆಂದು ಅವಳು ಚೊಂಬಿನಿಂದ ನೀರು ಚಿಮುಕಿಸುತ್ತಿದ್ದಳು. ಹನಿಗಳು ಧೂಳಿಗೆ ಬಿದ್ದವು. ಬಿದ್ದ ಕಡೆಯೆಲ್ಲ ಪುಟ್ಟ ಪುಟ್ಟ ಹಳ್ಳ, ಸುತ್ತ ಸಣ್ಣ ಅಂಚು. ಅವಳು ಚೊಂಬನ್ನು ಹಾಗೇ ಹಿಡಿದು ನಿಂತಳು. ಇನ್ನೊಂದಿಷ್ಟು ಚಿಮುಕಿಸಿದಳು. ಹಳ್ಳವೇ. ಹನಿ ಬಿದ್ದ ಕಡೆ ಎಲ್ಲಾದರೂ ಉಬ್ಬು ಏಳುತ್ತದೆಯೇ?

ಏಳಬೇಕಾದರೆ ಒಂದೇ ದಾರಿ. ಕೆಸರಿನಲ್ಲಿ ಹನಿ ಹಳ್ಳ ಮಾಡಿ ಹೋಗಬೇಕು, ಕೆಸರು ಒಣಗಬೇಕು, ಅದರ ಮೇಲೆ ಇನ್ನೊಂದು ಪದರ ಕೆಸರು ಬಂದು ಹಳ್ಳಗಳನ್ನು ತುಂಬಬೇಕು. ಎರಡೂ ಕಲ್ಲಾದ ಮೇಲೆ ಬಿಡಿಸಿದರೆ ಕೆಳಗಿನದರಲ್ಲಿ ಹಳ್ಳ, ಮೇಲಿನದರ ಅಡಿಯಲ್ಲಿ ಉಬ್ಬು. ಅಮ್ಮ ಇಟ್ಟುಕೊಂಡದ್ದು ಮೇಲಿನದು, ಅದೂ ಅಡಿಮೇಲಾಗಿ. ಅವಳ ಬಾಣ ನೆಲದ ಕಡೆಗೆ ನೋಡುತ್ತಿತ್ತು. ಆ ಕಲ್ಲಿನಲ್ಲಿ ಮಳೆ ಕೆಳಗಿನಿಂದ ಮೇಲಕ್ಕೆ ಬಿದ್ದಿತ್ತು.

ಆ ದಿನ ದೊಡ್ಡಮ್ಮ ಯಾರೂ ಹೇಳದೆಯೇ ಶೆಡ್ಡಿನ ಹಿಂದಿನ ಚೂರುಗಳ ಗುಡ್ಡೆಯನ್ನು ಗುಡಿಸಿ ಹಸನು ಮಾಡಿದಳು. ಕಲ್ಲು ಒಡೆದ ದಿನ ಅಮ್ಮ ನೋಡದೆ ಎಸೆದಿದ್ದ, ಕೆಸರು ಮೆತ್ತಿಕೊಂಡ ತೆಳ್ಳನೆಯ ಹಾಸೊಂದು ಅಲ್ಲಿ ಬಿದ್ದಿತ್ತು. ಬೆರಳಲ್ಲಿ ಉಜ್ಜಿದಳು. ಹಳ್ಳಗಳು. ಸೆರಗಿನಡಿ ಮುಚ್ಚಿಕೊಂಡು ಮನೆಗೆ ತಂದು ನೀರಿನ ಹೂಜಿಯ ಕೆಳಗೆ ಇಟ್ಟಳು. ಹೂಜಿ ಮೊದಲು ಅಲ್ಲಾಡುತ್ತಿತ್ತು, ಈಗ ಗಟ್ಟಿಯಾಗಿ ಕೂತಿತು.

ಇನ್ನು ಅವಳು ಮಾಡಬೇಕಾದದ್ದು ಏನೂ ಇರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಮೇಡಂ ಬರುತ್ತಾರೆ, ಒಂದು ನೋಟ ನೋಡುತ್ತಾರೆ, ಬಾಣ ತಿರುಗಾಮುರುಗಾ ಹಾಕುವವಳನ್ನು ಬಾಣ ಹಾಕುವ ಕೆಲಸಕ್ಕೆ ಯಾರು ಕರೆದೊಯ್ಯುತ್ತಾರೆ? ಹೂಜಿಯಿಂದ ನೀರು ಬಗ್ಗಿಸುವಾಗಲೆಲ್ಲ ದೊಡ್ಡಮ್ಮನಿಗೆ ನಗು ಬರುತ್ತಿತ್ತು. ಗರಗಸದ ಮುಂದೆ ಅವಳು ಹಾಡು ಗುನುಗುತ್ತಿದ್ದಳಂತೆ. ಅಮ್ಮನಿಗೂ ಅದು ಕೇಳಿ ಸಮಾಧಾನವಾಗಿತ್ತಂತೆ, ಅಕ್ಕನ ಮುನಿಸು ಇಳಿಯಿತು ಎಂದು.

ಆದರೆ ಹೊಟ್ಟೆಕಿಚ್ಚಿಗೆ ಕಾಯುವ ತಾಳ್ಮೆ ಇರುವುದಿಲ್ಲ. ಮೇಡಂ ಬರುವ ಹಿಂದಿನ ದಿನ ಸಂಜೆ ಅಮ್ಮ ಅಜ್ಜಿಯನ್ನು ಕೈಹಿಡಿದು ಶೆಡ್ಡಿಗೆ ಕರೆತಂದಳು. ಅಜ್ಜಿಗೆ ಕಣ್ಣು ಮಂದ. ಕುರ್ಚಿಯಲ್ಲಿ ಕೂತು ಆ ಕಲ್ಲಿನ ಮೇಲೆ ಬೆರಳಾಡಿಸಿದಳು, ಒಂದೊಂದೇ ಉಬ್ಬನ್ನು, ನಿಧಾನವಾಗಿ, ಮಗುವಿನ ಹೊಸ ಹಲ್ಲು ಮುಟ್ಟಿ ನೋಡುವಂತೆ.

"ನನ್ನ ಸೊಸೆ ಮಳೆ ಹಿಡಿದಿಟ್ಟಿದ್ದಾಳೆ," ಎಂದಳು. "ಇನ್ನೊಬ್ಬಳೂ ಇದ್ದಾಳೆ, ಇಷ್ಟು ವರ್ಷ ಕಲ್ಲು ಕೊಯ್ದಳು. ಏನು ತಂದಳು? ಧೂಳು."

ದೊಡ್ಡಮ್ಮ ಅಲ್ಲೇ ಗರಗಸದ ನೀರಿನ ಕೊಳವೆ ಸುತ್ತಿಡುತ್ತಿದ್ದಳು. ಕೊಳವೆಯನ್ನು ನೆಲಕ್ಕೆ ಹಾಕಿದಳು. ಹೊರಗೆ ನಡೆದಳು. ಅಮ್ಮ ಅಜ್ಜಿಗೆ ಗದರಿದಳು: "ಅತ್ತೆ, ಅಕ್ಕ ಇಲ್ಲೇ ಇದ್ರು."

"ಗೊತ್ತು," ಎಂದಳು ಅಜ್ಜಿ. "ಕಣ್ಣು ಮಂದ, ಕಿವಿ ಅಲ್ಲ. ಕೇಳಲಿ ಅಂತಲೇ ಹೇಳಿದ್ದು."

ದೊಡ್ಡಮ್ಮ ವಾಪಸ್ಸು ಬಂದಾಗ ಕೈಯಲ್ಲಿ ಒದ್ದೆ ಹಾಸುಗಲ್ಲಿತ್ತು. ಅದನ್ನು ಅಮ್ಮನ ಹಲಗೆಯ ಪಕ್ಕ ಮೇಜಿನ ಮೇಲೆ ಇಟ್ಟಳು. ಹೂಜಿಯ ತಳದ ಉಂಗುರದ ಗುರುತು ಅದರ ಮೇಲೆ ಇನ್ನೂ ಆರಿರಲಿಲ್ಲ.

"ಮಳೆ ಮೇಲಿಂದ ಬೀಳತ್ತೋ, ಕೆಳಗಿಂದ ಏಳತ್ತೋ?" ಎಂದು ಕೇಳಿದಳು.

"ಏನಕ್ಕ ಹಾಗಂದ್ರೆ?"

"ಮುಟ್ಟಿ ನೋಡು. ಇದು ಹಳ್ಳ. ನಿಂದು ಉಬ್ಬು. ಹನಿ ಬಿದ್ರೆ ಹಳ್ಳ ಬೀಳತ್ತೆ, ಉಬ್ಬು ಬರಲ್ಲ. ಮಳೆ ಬಿದ್ದ ಮುಖ ಇದು. ನಿಂದು ಅದರ ಮುಚ್ಚಳ. ಮುಚ್ಚಳಾನ ಮಗುಚಿ ಹಾಕಿ ಆಕಾಶಕ್ಕೆ ಬಾಣ ಬಿಟ್ಟಿದ್ದೀಯ."

ಅಮ್ಮ ಹಲಗೆಯನ್ನು ಎತ್ತಿ, ಕಲ್ಲನ್ನು ಬೋರಲು ಮಾಡಿ, ಹಾಸಿನ ಮೇಲೆ ತಂದಳು. ಒಂದಿಷ್ಟು ಆಚೀಚೆ ಸರಿಸಿದಳು. ಒಂದು ಜಾಗದಲ್ಲಿ ಅದು ಕೂತಿತು. ಕೂತ ಸದ್ದು ಕೇಳಿಸಿತು, ಡಬ್ಬಿಗೆ ಮುಚ್ಚಳ ಬಿಗಿದಂತೆ. ಆಮೇಲೆ ಅಲ್ಲಾಡಿಸಿದರೂ ಅಲ್ಲಾಡಲಿಲ್ಲ.

ಬಹಳ ಹೊತ್ತು ಅಮ್ಮ ಅದರ ಮೇಲಿಂದ ಕೈ ತೆಗೆಯಲಿಲ್ಲ.

"ಇದೆಲ್ಲಿತ್ತು?"

"ಹೂಜಿ ಕೆಳಗೆ."

"ಯಾವಾಗಿಂದ?"

ದೊಡ್ಡಮ್ಮ ಮೂಲೆಯ ಸುತ್ತಿಗೆಯ ಕಡೆ ನೋಡಿದಳು.

"ನಾಳೆ ಮೇಡಂ ಮುಂದೆ ನಾನು ನಗೆಪಾಟಲಾಗಲಿ ಅಂತ ಇಟ್ಕೊಂಡಿದ್ರಿ."

"ಹೌದು."

"ಮತ್ತೆ ಈಗ ಯಾಕೆ ತಂದ್ರಿ?"

"ಇವರು ಧೂಳು ಅಂದ್ರಲ್ಲ," ಎಂದಳು ದೊಡ್ಡಮ್ಮ, ಅಜ್ಜಿಯ ಕಡೆ ಕೈ ತೋರಿಸಿ. "ನಿನ್ನ ಮೇಲಿನ ಪ್ರೀತಿಗೆ ತಂದೆ ಅಂದ್ಕೋಬೇಡ. ನನ್ನ ಹತ್ರಾನೂ ಮಳೆ ಇದೆ ಅಂತ ತೋರಿಸೋಕೆ ತಂದೆ."

ಅಜ್ಜಿ ಹಾಸುಗಲ್ಲಿನ ಅಂಚನ್ನು ತಡವಿದಳು. "ನೀರಿನ ಹೂಜಿ ಕೆಳಗೆ ಮಳೆ ಬಚ್ಚಿಟ್ಟಿದ್ದೆಯಾ," ಎಂದಳು. "ಅದಕ್ಕೇ ಈಚೆಗೆ ನಿನ್ನ ಮನೆ ನೀರು ತಣ್ಣಗಿತ್ತು. ನಾನು ಎರಡು ಸಲ ಬಂದು ಕುಡಿದೆ."

ಅಮ್ಮ ಒದ್ದೆ ಬಟ್ಟೆ ತಂದು ತಾನು ಬರೆದ ಬಾಣವನ್ನು ಉಜ್ಜಿ ಅಳಿಸಿದಳು. ಸೀಮೆಸುಣ್ಣ ತೆಗೆದು ದೊಡ್ಡಮ್ಮನ ಕೈಗೆ ಕೊಟ್ಟಳು. ದೊಡ್ಡಮ್ಮ ಎರಡೂ ಕಲ್ಲಿನ ಬದಿಯ ಮೇಲೆ ಸೇರಿ ಬರುವಂತೆ ಒಂದೇ ಬಾಣ ಎಳೆದಳು. ಬಾಲ ಕೆಳಗಿನ ಹಾಸಿನಲ್ಲಿ, ತುದಿ ಮೇಲಿನದರಲ್ಲಿ.

ಮಾರನೆಯ ದಿನ ಮೇಡಂ ಬಂದರು. ಮೈಯೆಲ್ಲ ಕೆಂಪು ಧೂಳು, ಕೂದಲಲ್ಲೂ. ಅಮ್ಮ ಎಲ್ಲವನ್ನೂ ಹೇಳಿದಳು, ತಾನು ತಲೆಕೆಳಗು ಮಾಡಿದ್ದು, ಅಕ್ಕ ಇನ್ನೊಂದು ಭಾಗ ಹುಡುಕಿದ್ದು. ಹೂಜಿಯ ವಿಷಯ ಮಾತ್ರ ಹೇಳಲಿಲ್ಲ. ಅದಕ್ಕಾಗಿ ದೊಡ್ಡಮ್ಮ ಅವಳನ್ನು ಇನ್ನೂ ಕ್ಷಮಿಸಿಲ್ಲ. "ದೊಡ್ಡ ಮನಸ್ಸು ತೋರಿಸಿದಳು. ನಂಗೆ ಅದೊಂದೇ ಇರಲಿಲ್ಲ ನೋಡು, ಅದನ್ನೂ ಅವಳೇ ಇಟ್ಕೊಂಡಳು."

ಮೇಡಂ ಎರಡು ಕಲ್ಲುಗಳನ್ನೂ ಬಿಡಿಸಿದರು, ಜೋಡಿಸಿದರು, ಮತ್ತೆ ಬಿಡಿಸಿದರು. ಬಾಗಿಲ ಬೆಳಕಿಗೆ ಹಾಸನ್ನು ಓರೆ ಹಿಡಿದರು. ಹಳ್ಳಗಳ ಒಂದೇ ಬದಿಯ ಅಂಚು ಎತ್ತರವಾಗಿತ್ತು.

"ಗಾಳಿ ಈ ಕಡೆಯಿಂದ ಬೀಸ್ತಾ ಇತ್ತು," ಎಂದರು. "ಹನಿ ಓರೆಯಾಗಿ ಬಿದ್ದಿದೆ. ನಾಲ್ಕು ಹನಿ ಬಿದ್ದು ನಿಂತು ಹೋಗಿದೆ. ಜೋರು ಮಳೆ ಆಗಿದ್ರೆ ಒಂದರ ಗುರುತನ್ನ ಇನ್ನೊಂದು ಅಳಿಸಿರೋದು. ಕೆರೆ ಬತ್ತಿ, ದಂಡೆ ಕೆಸರು ಒಣಗೋ ಹೊತ್ತು. ಆಮೇಲೆ ಮರಳೇ."

ನೆಲವೆಲ್ಲ ಮರುಭೂಮಿಯಾಗುವ ಮುಂಚಿನ ಒಂದು ಮಧ್ಯಾಹ್ನ ಮೇಜಿನ ಮೇಲಿತ್ತು. ದೊಡ್ಡಮ್ಮ ಮಾತ್ರ ಕಲ್ಲನ್ನು ನೋಡುತ್ತಿರಲಿಲ್ಲ, ಮೇಡಂ ಬಾಯನ್ನೇ ನೋಡುತ್ತಿದ್ದಳು.

"ಅಲ್ಲಿಗೆ ಬೇಕಾದ್ದು ಬಾಣ ತಪ್ಪದವರು," ಎಂದರು ಮೇಡಂ ಕೊನೆಗೆ. "ಇಲ್ಲಿಗೆ ಬೇಕಾದ್ದು ಗರಗಸ ನಿಲ್ಲಿಸಿ ನೋಡೋರು. ನೀವು ನನ್ನ ಜೊತೆ ಬನ್ನಿ," ಎಂದು ದೊಡ್ಡಮ್ಮನಿಗೆ. "ಗರಗಸ ಇನ್ಮೇಲೆ ನಿಮ್ದು," ಎಂದು ಅಮ್ಮನಿಗೆ.

ಅಮ್ಮನ ಮುಖ ಒಂದು ಗಳಿಗೆ ಬಿಗಿಯಿತು. ಫೋಟೋದ ಕಡೆ ಒಮ್ಮೆ ನೋಡಿ ಕಣ್ಣು ತಗ್ಗಿಸಿದಳು. ದೊಡ್ಡಮ್ಮನಿಗೆ ಆ ನೋಟ ಗೊತ್ತಿತ್ತು. ಕನ್ನಡಿಯಲ್ಲಿ ಎಷ್ಟೋ ಸಲ ನೋಡಿದ್ದಳು. ಅದನ್ನು ಇನ್ನೊಬ್ಬರ ಮುಖದ ಮೇಲೆ ಕಂಡು ಎಂಥಾ ತಂಪು. ಸಂಜೆವರೆಗೂ ಆ ತಂಪು ಇತ್ತು. ಸಂಜೆ ಗಂಟು ಕಟ್ಟುತ್ತಾ ಕೂತಾಗ 'ಗರಗಸ ನಿಮ್ದು' ಎಂಬ ಮಾತು ನೆನಪಾಯಿತು. ಕಟ್ಟುತ್ತಿದ್ದ ಗಂಟು ಅರ್ಧಕ್ಕೆ ನಿಂತಿತು.

"ನಿಮ್ದು ಅಂದ್ರು," ಎಂದಳು ದೊಡ್ಡಪ್ಪನಿಗೆ. "ನಂಗೆ ಇಷ್ಟು ವರ್ಷದಲ್ಲಿ ಒಂದ್ಸಲಾನೂ ಹಾಗನ್ನಲಿಲ್ಲ."

"ನಿಂಗೆ ಹೊಳೆ ಸಿಕ್ತಲ್ಲ."

"ಹೊಳೆ ಸಿಕ್ತು. ಅಲ್ಲಿಂದ ನಾನು ಕಳಿಸೋ ಕಲ್ಲೆಲ್ಲ ಬಿಚ್ಚಿ ನೋಡೋಳು ಯಾರು? ಅವಳು. ನಾನು ಡಬ್ಬಿ ಕಟ್ಟಿ ಕಳಿಸಬೇಕು, ಅವಳು ಮುಚ್ಚಳ ತೆಗೀಬೇಕು."

"ಹಾಗಾದ್ರೆ ಹೋಗಬೇಡ."

"ಹೋಗದೆ ಇರ್ತೀನಾ? ಹೋಗ್ತೀನಿ," ಎಂದು ಅವಳು ಗಂಟನ್ನು ಬಿಗಿದಳು.

ಹೊರಡುವ ಬೆಳಿಗ್ಗೆ ಜೀಪು ಶೆಡ್ಡಿನ ಮುಂದೆಯೇ ನಿಂತಿತ್ತು. ಮೇಡಂ ಮುಂದಿನ ಸೀಟಿನಲ್ಲಿ. ದೊಡ್ಡಮ್ಮ ಸುತ್ತಿಗೆಯನ್ನು ಮೊಳೆಯಿಂದ ತೆಗೆದು ತನ್ನ ಗಂಟಿನ ಮೇಲೆ ಇಟ್ಟುಕೊಂಡಿದ್ದಳು. ಅಮ್ಮ ಬಾಗಿಲಲ್ಲಿ ನಿಂತು, "ಆ ಗೆರೆ ಮೇಲೆ ನನ್ನ ಪರವಾಗೂ ಒಂದು ಸಲ ಕೈ ಇಡಿ ಅಕ್ಕ," ಎಂದಳು.

"ಜಾಗ ಇದ್ರೆ ನೋಡೋಣ," ಎಂದಳು ದೊಡ್ಡಮ್ಮ.

ಅಮ್ಮ ಒಳಗೆ ಹೋದಳು. ನೀರು ಬಿಟ್ಟ ಸುಯ್ಯೆನ್ನುವ ಸದ್ದು, ಆಮೇಲೆ ಚಕ್ರದ ಕಿರ್ರೆನ್ನುವ ಸದ್ದು. ಡ್ರೈವರಣ್ಣ ಇಂಜಿನ್ ಚಾಲೂ ಮಾಡಿದ. ದೊಡ್ಡಮ್ಮ ಒಂದು ಕಾಲನ್ನು ಜೀಪಿನ ಮೆಟ್ಟಿಲ ಮೇಲಿಟ್ಟಳು. ಅಷ್ಟರಲ್ಲಿ ಗರಗಸ ನಿಂತಿತು.

ಅವಳೂ ನಿಂತಳು. ಒಳಗಿನಿಂದ ಕಲ್ಲಿನ ಮೇಲೆ ನೀರು ಸುರಿಯುವ ಸದ್ದು, ಬೆರಳಲ್ಲಿ ಉಜ್ಜುವ ಸದ್ದು. ಆಮೇಲೆ ಅಮ್ಮನ ಮೆಲುದನಿಯ ಒಂದು "ಅಯ್ಯೋ."

"ಹತ್ತಿ, ಹೊತ್ತಾಯ್ತು," ಎಂದರು ಮೇಡಂ.

"ಹತ್ತಿದೆ, ಹತ್ತಿದೆ. ಒಂದ್ನಿಮಿಷ ಇರಿ ಮೇಡಂ, ಡ್ರೈವರಣ್ಣ ಆರಿಸಬೇಡಿ, ಹಾಗೇ ಇಟ್ಕೊಳ್ಳಿ, ಅವಳಿಗೆ ಅಲ್ಲಿ ಏನು ಸಿಕ್ತು ಅಂತ ನಾನು ಒಂಚೂರು ನೋಡಿ, ಬಾಣ ಸರಿ ಹಾಕಿದಾಳೋ ಇಲ್ವೋ, ಇಲ್ಲಾಂದ್ರೆ ಮತ್ತೆ ಮಗುಚಿ" ಎನ್ನುತ್ತಲೇ ಅವಳು ಮೆಟ್ಟಿಲಿಂದ ಕಾಲು ತೆಗೆದು, ಸುತ್ತಿಗೆಯನ್ನು ಕೈಗೆತ್ತಿಕೊಂಡು, ಶೆಡ್ಡಿನ ಬಾಗಿಲ ಕಡೆಗೆ ನಡೆದೇಬಿಟ್ಟಳು.